ಆರಿದ್ರಿ ಚುಕ್ಕಿಯ ವ್ಯಾಪಾರ

ಒಬ್ಬರಿಗೆ ಬೆರಳು ಮಾಡಿ ಆಕಾಶದ ಒಂದು ನಕ್ಷತ್ರವನ್ನು ತೋರಿಸಿಕೊಡುವುದು ಎಷ್ಟು ಕಷ್ಟದ ಕೆಲಸವೆಂಬುದು, ಓದುಗ ಮಿತ್ರರೇ, ಆ ಕೆಲಸಕ್ಕೆ ಸ್ವತಃ ಇಳಿಯುವವರೆಗೆ ನಿಮಗೆ ತಿಳಿಯುವುದಿಲ್ಲ. ನೀವು ತೋರುಬೆರಳನ್ನು ನೀಳವಾಗಿ ಚಾಚಿ 'ಅಗೋ ಅಲ್ಲಿ' ಎನ್ನುತ್ತೀರಿ. ಎದುರಿನವರು ಮೊದಲು ನಿಮ್ಮ ಉಗುರನ್ನು ನೋಡುತ್ತಾರೆ, ಆಮೇಲೆ ಉಂಗುರವನ್ನು, ಆಮೇಲೆ ಅದು ಅಪ್ಪಟ ಬಂಗಾರದ್ದೋ ಅಲ್ಲವೋ ಎಂಬುದನ್ನು. 'ನೀರಿನ ಟಾಕಿಯ ಮೇಲೆ, ಸ್ವಲ್ಪ ಎಡಕ್ಕೆ' ಎಂದು ವಿಳಾಸ ಹೇಳಿದರೆ ಟಾಕಿಗೆ ಸುಣ್ಣ ಬಳಿದು ಬಹಳ ದಿನವಾಯಿತಲ್ಲ ಎನ್ನುತ್ತಾರೆ. ಕೊನೆಗೆ ಕತ್ತು ನೋಯತೊಡಗಿ, ನಿಮ್ಮ ಉತ್ಸಾಹಕ್ಕೆ ಭಂಗ ತರಬಾರದೆಂಬ ದಾಕ್ಷಿಣ್ಯದಿಂದ 'ಹಾಂ ಹಾಂ, ಕಂಡಿತು' ಎಂದುಬಿಡುತ್ತಾರೆ. ಈ 'ಕಂಡಿತು' ಎಂಬ ಮಾತಿನಷ್ಟು ಅಗ್ಗದ ಸರಕು ಯಾವ ಸಂತೆಯಲ್ಲೂ ಸಿಗದೆಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ.

ಅಗ್ಗ ಯಾವುದು, ತುಟ್ಟಿ ಯಾವುದು ಎಂದು ತಿಳಿಯುವುದೇ ನಾನು ಕಲಿತ ಏಕೈಕ ವಿದ್ಯೆ. ಖಾಲಿ ಗೋಣಿಚೀಲಗಳನ್ನು ಕೊಂಡು, ತೂತಿಗೆ ತೇಪೆ ಹಾಕಿ ಮಾರುವುದರಿಂದ ಶುರುಮಾಡಿದವನು ನಾನು. ಚೀಲದ ಒಳಗೂ ಏನಾದರೂ ಇದ್ದರೆ ಲಾಭ ಹೆಚ್ಚೆಂಬ ಮಹಾಸತ್ಯ ಹೊಳೆದ ಮೇಲೆ ಯಲಬುರ್ಗಾದಲ್ಲಿ ಶೇಂಗಾ, ಮೆಕ್ಕೆಜೋಳ, ಸಜ್ಜೆಗಳ ಅಂಗಡಿ ಇಟ್ಟೆ. ಅಂದಿನಿಂದ ಇಂದಿನವರೆಗೆ ನನ್ನದು ಒಂದೇ ಸೂತ್ರ: ಸರಕನ್ನು ಕಣ್ಣಾರೆ ಕಾಣದೆ, ಮೂಸದೆ, ನಾಲ್ಕು ಕಾಳು ಹಲ್ಲಿಗೆ ಹಾಕಿ ಕಡಿಯದೆ ಮಾತು ಕೊಡಬಾರದು. ಈ ಉಪದೇಶವನ್ನು ಕೇಳಿದವರಿಗೆ ಕೊಟ್ಟಿದ್ದೇನೆ. ಕೇಳದವರಿಗೆ ಇನ್ನೂ ಧಾರಾಳವಾಗಿ ಕೊಟ್ಟಿದ್ದೇನೆ. ಬಸ್ಸಿನಲ್ಲಿ ಪಕ್ಕ ಕೂತವರಿಗೆ, ಕ್ಷೌರದ ಕುರ್ಚಿಯಲ್ಲಿ ಅಲುಗಾಡಲಾರದೆ ಕೂತವರಿಗೆ, ಒಮ್ಮೆಯಂತೂ ಹುಲಿಗಿಯ ಗುಡಿಯ ಪಾಳಿಯಲ್ಲಿ ನನ್ನ ಮುಂದೆ ನಿಂತಿದ್ದ ಮದುಮಗನಿಗೇ ಕೊಟ್ಟು, ಅವನ ಭಾವೀ ಮಾವನಿಂದ ಕೆಂಗಣ್ಣಿನ ಪ್ರಸಾದ ಪಡೆದಿದ್ದೇನೆ.

ಇಂಥ ನಾನು ಆಯುಷ್ಯವಿಡೀ ಒಂದು ಸರಕಿನ ಹೆಸರನ್ನು ಬಾಯಿತುಂಬ ಬಳಸುತ್ತಲೇ ಇದ್ದು, ಅದನ್ನು ಒಮ್ಮೆಯೂ ಕಂಡಿರಲಿಲ್ಲ ಎಂದರೆ ನಂಬುತ್ತೀರಾ? ಪಂಚಾಂಗದವರು ಆರ್ದ್ರಾ ಎನ್ನುವುದನ್ನು ನಮ್ಮ ಕಡೆ ನಾಲಗೆಗೆ ಹದಮಾಡಿಕೊಂಡು ಆರಿದ್ರಿ ಎನ್ನುತ್ತಾರೆ. ನಮಗೆ ಅದು ಮಳೆ, ಬರೀ ಮಳೆ. ರೋಹಿಣಿ ಕೈಕೊಟ್ಟಿತು, ಮಿರಗ ಬಾಗಿಲಲ್ಲೇ ಮುಖ ತೋರಿಸಿ ಹೋಯಿತು, ಆರಿದ್ರಿಯಾದರೂ ಮನಸ್ಸು ಮಾಡುತ್ತದೋ ನೋಡೋಣ ಎಂದು, ಬೀಗರ ಪೈಕಿ ಯಾರು ಮದುವೆಗೆ ಬಂದರು ಯಾರು ಮುನಿಸಿಕೊಂಡರು ಎಂಬಷ್ಟೇ ಸಲಿಗೆಯಿಂದ ಅಂಗಡಿಯ ಕಟ್ಟೆಯ ಮೇಲೆ ನಾವು ಮಾತಾಡುತ್ತೇವೆ. ಈ ಬೀಗರಿಗೆಲ್ಲ ಮೇಲೊಂದು ಊರಿದೆ, ಮನೆಯಿದೆ ಎಂದು ನನಗೆ ಮೊದಲು ಹೇಳಿದವಳು ನನ್ನ ಸೊಸೆ ಸುಜಾತಾ. ಗಂಗಾವತಿಯ ಹುಡುಗಿ, ಇಲ್ಲಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮದುವೆಯಾದ ಮೊದಲ ಚಳಿಗಾಲದಲ್ಲಿ, ಒಂದು ಸಂಜೆ ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದವಳು ಕೆಳಗಿದ್ದ ನನ್ನನ್ನು ಕೂಗಿ ಕರೆದಳು.

"ಮಾವಾರ, ಮ್ಯಾಲೆ ಬರ್ರಿ. ನಿಮ್ಮ ಆರಿದ್ರಿ ಬಂದೈತಿ."

"ಈ ಥಂಡ್ಯಾಗ ಎಲ್ಲಿ ಮಳಿಯವ್ವಾ?" ಎನ್ನುತ್ತ ಹತ್ತಿದೆ. ಪೂರ್ವದಲ್ಲಿ ಮೂರು ಚುಕ್ಕೆಗಳು ಒಂದರ ಮೇಲೊಂದು ಪೇರಿಸಿಟ್ಟಂತೆ ನಿಂತಿದ್ದವು. ಅವುಗಳ ಬಲಕ್ಕೆ ನೀಲಿ ಬೆರೆತ ಬಿಳಿಯದೊಂದು, ಎಡಕ್ಕೆ ಕೆಂಪನೆಯದೊಂದು. ಆ ಕೆಂಪೇ ಆರಿದ್ರಿ. ಕಣ್ಣಿಗೆ ಕನ್ನಡಕ ಬೇಡ, ದುರ್ಬೀನು ಬೇಡ. ಮಾಗಿದ ದಾಳಿಂಬೆಯ ಒಂದು ಕಾಳನ್ನು ಯಾರೋ ಅಲ್ಲಿ ಮರೆತು ಹೋದಂತೆ ಇತ್ತು.

ವ್ಯಾಪಾರಸ್ಥನ ಮೊದಲ ಪ್ರಶ್ನೆ ನನ್ನ ಬಾಯಿಂದ ತಾನಾಗಿ ಬಂತು: ಗಾತ್ರ ಎಷ್ಟು, ತೂಕ ಎಷ್ಟು, ಎಲ್ಲಿಯ ಮಾಲು? ಸುಜಾತಾ ಹೇಳುತ್ತಾ ಹೋದಳು, ನಾನು ಮನಸ್ಸಿನಲ್ಲೇ ನಮ್ಮ ಅಂಗಡಿಯ ಭಾಷೆಗೆ ಇಳಿಸಿಕೊಳ್ಳುತ್ತಾ ಹೋದೆ. ಅಡ್ಡಳತೆಯಲ್ಲಿ ಅದು ನಮ್ಮ ಸೂರ್ಯನ ಸುಮಾರು ಏಳುನೂರು ಪಟ್ಟು. ತಂದು ಸೂರ್ಯನ ಜಾಗದಲ್ಲಿ ಇಳಿಸಿದರೆ ಭೂಮಿಯೂ, ಅದರಾಚೆಯ ಮಂಗಳನೂ ಅದರ ಹೊಟ್ಟೆಯೊಳಗೇ. ನಾನು ಕೈಮುಗಿಯುವಷ್ಟರಲ್ಲಿ ಆಕೆ ತೂಕ ಹೇಳಿದಳು: ಬರೀ ಹದಿನೈದು ಇಪ್ಪತ್ತು ಸೂರ್ಯರಷ್ಟು! ಅಷ್ಟು ದೊಡ್ಡ ಚೀಲದಲ್ಲಿ ಇಷ್ಟೇ ಕಾಳು! ಒಟ್ಟಾರೆ ಸರಾಸರಿ ತೆಗೆದರೆ ನಾವು ಉಸಿರಾಡುವ ಗಾಳಿಗಿಂತಲೂ ಸಾವಿರಾರು ಪಟ್ಟು ತೆಳುವಂತೆ. ಶೇಂಗಾದಲ್ಲಿ ಇಂಥದಕ್ಕೆ ನಾವು ಪೊಳ್ಳು ಎನ್ನುತ್ತೇವೆ, ಕಿವಿಯ ಹತ್ತಿರ ಅಲುಗಾಡಿಸಿ ಹಿಂದಕ್ಕೆ ಕಳಿಸುತ್ತೇವೆ. ಆದ್ದರಿಂದ ನೆನಪಿಡಿ: ಆಕಾಶದಲ್ಲಾಗಲಿ ನೆಲದ ಮೇಲಾಗಲಿ, ಗಾತ್ರ ನೋಡಿ ಬೆಲೆ ಕಟ್ಟಬೇಡಿ.

ಕೆಂಪಗಿದೆಯಲ್ಲ, ನಿಗಿನಿಗಿ ಬಿಸಿಯಿರಬೇಕು ಎಂದೆ. ಅದೂ ಉಲ್ಟಾ. ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಇನ್ನೂ ಕಾಯಿಸಿದರೆ ಹಳದಿ, ಇನ್ನೂ ಕಾಯಿಸಿದರೆ ಬಿಳಿ. ಚುಕ್ಕೆಗಳಲ್ಲಿ ಅದರಾಚೆಗೆ ನೀಲಿಯೂ ಉಂಟು. ಕೆಂಪು ಎಂದರೆ ಎಲ್ಲರಿಗಿಂತ ತಣ್ಣಗಿನದು. ಆರಿದ್ರಿಯ ಮೈಯ ಬಿಸಿ ಸೂರ್ಯನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಹಾಗಿದ್ದೂ ಲಕ್ಷ ಸೂರ್ಯರ ಲೆಕ್ಕದಲ್ಲಿ ಬೆಳಕು ಚೆಲ್ಲುತ್ತದೆ, ಹೇಗೆ? ಮೈ ಅಷ್ಟು ವಿಸ್ತಾರವಾಗಿರುವುದರಿಂದ. ಇದು ನನಗೆ ಥಟ್ಟನೆ ಅರ್ಥವಾಯಿತು: ಚೀಲಕ್ಕೆ ಸಣ್ಣ ಲಾಭ, ಆದರೆ ದೊಡ್ಡ ವಹಿವಾಟು! ಇಂಥ ಅಂಗಡಿ ನಡೆಸುವವನ ಮೇಲೆ ನನಗೆ ಬಾಂಧವ್ಯವೇ ಹುಟ್ಟಿತು. ಆದರೆ ಮಹಾ ದುಂದುಗಾರ. ನಾನೂರೈವತ್ತು ಕೋಟಿ ವರ್ಷ ದಾಟಿಯೂ ಸೂರ್ಯ ಇನ್ನೂ ಹದವಾಗಿ ಸಂಸಾರ ತೂಗಿಸುತ್ತಿದ್ದರೆ, ಇದು ಒಂದು ಕೋಟಿ ವರ್ಷದೊಳಗೇ ಉರುವಲನ್ನೆಲ್ಲ ಉರಿಸಿಕೊಂಡು ಊದಿಕೊಂಡು ಕೂತಿದೆ. ಇಂದಲ್ಲ ನಾಳೆ ಸಿಡಿಯುತ್ತದೆ. ಗಾಬರಿಯಾಗಬೇಡಿ, ಅವರ ಲೆಕ್ಕದಲ್ಲಿ ನಾಳೆ ಎಂದರೆ ಲಕ್ಷ ವರ್ಷವೂ ಆದೀತು. ಮೈಯಾದರೂ ಇಟಗಿಯ ಗುಡಿಯ ಕಂಬದ ಹಾಗೆ ನುಣುಪಾಗಿದೆಯೇ ಎಂದರೆ ಅದೂ ಇಲ್ಲ, ಕುದಿಯುವ ಅಂಬಲಿಯ ಹಾಗೆ ದೊಡ್ಡ ದೊಡ್ಡ ಗುಳ್ಳೆ ಏಳುತ್ತಲೇ ಇರುತ್ತವೆ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲ ಅದು ಏಕಾಏಕಿ ಮಂಕಾಯಿತಂತೆ. ಸಿಡಿಯುವ ಗಳಿಗೆ ಬಂತೆಂದು ಜಗತ್ತೆಲ್ಲ ಕತ್ತೆತ್ತಿ ಕಾದರೆ, ಅದು ಒಂದು ದೊಡ್ಡ ತೇಗು ತೇಗಿ ತನ್ನ ದೂಳನ್ನು ತನ್ನ ಮುಖಕ್ಕೇ ಎರಚಿಕೊಂಡಿತ್ತಷ್ಟೆ.

ದೂರದ ವಿಷಯದಲ್ಲಂತೂ ನನಗೆ ಪರಮಾನಂದವಾಯಿತು. ಬೆಳಕು ಅಲ್ಲಿಂದ ಇಲ್ಲಿಗೆ ಬರಲು ಐನೂರು ವರ್ಷ ಎನ್ನುವವರಿದ್ದಾರೆ, ಏಳುನೂರು ಎನ್ನುವವರಿದ್ದಾರೆ. ಸಂತೆಯ ಭಾಷೆಯಲ್ಲಿ ಮಾತು ಇನ್ನೂ ಮುರಿದಿಲ್ಲ, ಅಂದರೆ ವ್ಯವಹಾರ ಇನ್ನೂ ಕುದುರಿಲ್ಲ. ಖಗೋಳ ಪಂಡಿತರಲ್ಲೂ ಚೌಕಾಸಿ ಇದೆ ಎಂದಾದ ಮೇಲೆ ಆ ಶಾಸ್ತ್ರದ ಮೇಲೆ ನನಗೆ ಪೂರ್ಣ ವಿಶ್ವಾಸ ಬಂತು. ಯಾವ ದರ ಹಿಡಿದರೂ, ನನ್ನ ಕಣ್ಣಿಗೆ ಬಿದ್ದ ಆ ಕೆಂಪು ಅಲ್ಲಿಂದ ಹೊರಟಾಗ ಇಲ್ಲಿ ಆನೆಗುಂದಿಯ ಕಡೆ ಅರಸರು ಕುದುರೆ ಏರಿ ಓಡಾಡುತ್ತಿದ್ದರು. ಅಷ್ಟು ಹಿಂದೆ ರವಾನೆಯಾದ ಮಾಲು, ದಾರಿಯಲ್ಲಿ ಒಂದು ಕಾಳೂ ಉದುರದಂತೆ ನಮ್ಮ ಮಾಳಿಗೆಯ ಮೇಲೆ ಇಳಿದಿತ್ತು. ನಮ್ಮ ಲಾರಿಯವರಿಗೆ ಇದನ್ನು ಹೇಳಬೇಕು.

ಕೆಳಗಿಳಿದು ಇದೆಲ್ಲವನ್ನೂ ರೊಟ್ಟಿ ಬಡಿಯುತ್ತಿದ್ದ ನನ್ನ ಹೆಂಡತಿ ನೀಲಮ್ಮನಿಗೆ ವರದಿ ಮಾಡಿದೆ: ಕಾಣಲು ಭಾರೀ, ತೂಕದಲ್ಲಿ ಹಗುರ, ಮುಖ ಕೆಂಪು, ಒಳಗೆ ಅಂಥ ಬಿಸಿಯೇನಿಲ್ಲ, ಆಗಾಗ ತೇಗು. ಆಕೆ ರೊಟ್ಟಿ ತಿರುವಿಹಾಕುತ್ತ, "ಅದನ್ನ ನೋಡಾಕ ಮಾಳಗಿ ಯಾಕ ಹತ್ತಬೇಕ್ರಿ? ದಿನಾ ನನ್ನ ಮುಂದನ ಉಣ್ಣಾಕ ಕುಂದರತೈತಿ" ಎಂದಳು. ಸುಜಾತಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ಓಡಿದಳು. ಎಲ್ಲಕ್ಕಿಂತ ಬಿಸಿಯಾದವು ನೀಲಿ ಚುಕ್ಕೆಗಳು ಎಂಬುದನ್ನು ನೀಲಮ್ಮನೆದುರು ಹೇಳುವ ಧೈರ್ಯ ನನಗೆ ಆ ಹೊತ್ತು ಬರಲಿಲ್ಲ.

ಮರುವರ್ಷ ಆರಿದ್ರಿ ಮಳೆ ಹಿಡಿದ ದಿನವೇ ಗಂಗಾವತಿಯ ತವರಿನಲ್ಲಿ ಸುಜಾತಾ ಹೆಣ್ಣು ಹೆತ್ತಳು. ಹೆರಿಗೆ ಕಠಿಣವಾಗಿತ್ತು. ಇಡೀ ಮಧ್ಯಾಹ್ನ ಫೋನು ಬಾರದೆ ನೀಲಮ್ಮ ದೇವರ ಜಗಲಿಯ ಮುಂದೆ ಕೂತು, ತಾಯಿಯೂ ಕೂಸೂ ಉಳಿದರೆ ಹುಲಿಗೆಮ್ಮನ ಹೆಸರಿಡುತ್ತೇನೆಂದು ಹರಕೆ ಹೊತ್ತಳು. ಸಂಜೆ ಸುದ್ದಿ ಬಂತು, ಇಬ್ಬರೂ ಕ್ಷೇಮ. ಅದರ ಬೆನ್ನಿಗೇ ಮಗ ಮಂಜುನಾಥನ ಇನ್ನೊಂದು ಫೋನು: ಸುಜಾತಾ ಕೂಸಿಗೆ ಆರ್ದ್ರಾ ಎಂದು ಹೆಸರಿಡಬೇಕೆನ್ನುತ್ತಾಳೆ, ನೋವಿನ ನಡುವೆಯೂ ಕಿಟಕಿಯಾಚೆ ಅದೇ ಮಳೆಯ ಸಪ್ಪಳ ಕೇಳುತ್ತ ಮನಸ್ಸಿನಲ್ಲಿ ಅದನ್ನೇ ಗಟ್ಟಿಮಾಡಿಕೊಂಡಿದ್ದಾಳೆ.

ನೀಲಮ್ಮನ ಮುಖ ಇಳಿಯಿತು. "ಮಳಿ ಹೆಸರ ಯಾರರ ಕೂಸಿಗೆ ಇಡತಾರೇನ್ರಿ? ನಾಳೆ ಗಂಡ ಹುಟ್ಟಿದ್ರ ಮಿರಗಪ್ಪ ಅಂತ ಇಡ್ರಿ!"

ಒಂದು ಕಡೆ ದೇವಿಗೆ ಕೊಟ್ಟ ಮಾತು, ಇನ್ನೊಂದು ಕಡೆ ಹೆತ್ತವಳ ಆಸೆ. ಎರಡೂ ಸಾಚಾ ಮಾಲು, ಎರಡರಲ್ಲೂ ತೆಗೆದುಹಾಕುವ ಕಸವಿಲ್ಲ. ಇಂಥಲ್ಲಿ ಬುದ್ಧಿವಂತನಾದವನು ಅಂಗಡಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನನ್ನ ಸಲಹೆ ಅದೇ. ನಾನು ಮಾತ್ರ ನಡುವೆ ಕೂತೆ. ಅದು ಮಳೆಯಲ್ಲ, ಚುಕ್ಕಿ. ನಾನೇ ಕಂಡಿದ್ದೇನೆ, ಎಂಥ ಚಂದ ಅಂತೀ ಎಂದೆ.

"ಹಂಗಾರ ತೋರಸ್ರಿ. ತೊಟ್ಟಲ ಹಾಕೂದರೊಳಗ ನನ್ನ ಕಣ್ಣಿಗೆ ಕಂಡ್ರ ಆಕಿ ಹೇಳಿದ ಹೆಸರ ಇಡೂಣು, ಹುಲಿಗೆಮ್ಮಗ ಬ್ಯಾರೆ ಏನರ ಹೇಳಿ ತಪ್ಪೊಪ್ಪಿಗಿ ಮಾಡ್ಕೋತೀನಿ. ಕಾಣಲಿಲ್ಲ, ಹುಲಿಗೆಮ್ಮ."

"ಆತು, ಮುರೀತು ಮಾತು."

"ಮತ್ತ ಕೇಳ್ರಿ, ಕಂಡ್ರ ಕಂಡಿತು ಅಂತೀನಿ, ಇಲ್ಲಾಂದ್ರ ಇಲ್ಲ ಅಂತೀನಿ. ದಾಕ್ಷಿಣ್ಯಕ್ಕ ಹೂಂ ಅನ್ನಾಕ ನಾ ಏನ ನಿಮ್ಮ ಗಿರಾಕಿ ಅಲ್ಲ."

ದನದ ಸಂತೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರ ಕುದುರಿಸುವಂತೆ, ನಾನು ಹೆಗಲ ಟವೆಲ್ಲನ್ನು ಮುಂದೆ ಮಾಡಿದೆ. ಆಕೆ ನಗುತ್ತಲೇ ಅದರಡಿ ಕೈ ಚಾಚಿ ನನ್ನ ಕಿರುಬೆರಳನ್ನು ಗಟ್ಟಿಯಾಗಿ ಅದುಮಿದಳು. ಗೆದ್ದೇ ಬಿಟ್ಟೆ ಎಂದುಕೊಂಡೆ. ಆರಿದ್ರಿಯ ಮಳೆಯಲ್ಲಿ ಆರಿದ್ರಿಯೇ ಇರದೆ ಇನ್ಯಾರಿರುತ್ತಾರೆ? ಮೋಡ ಒಂದು ಗಳಿಗೆ ಸರಿದರೆ ಸಾಕು.

ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಹಿಂದಿನ ದಿನ ಗಂಗಾವತಿ ತಲುಪಿದೆವು. ಸಂಜೆ ಮೋಡ ಸರಿಯಿತು. ಸರಿಯಿತು ಎಂದರೆ, ತೊಳೆದ ಹಿತ್ತಾಳೆ ತಟ್ಟೆಯಂತೆ ಆಕಾಶ ಬೆಳಗಿತು. ಬೀಗರ ಮಾಳಿಗೆಯ ಮೇಲೆ ನೀಲಮ್ಮ ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡು, ಪರೀಕ್ಷೆಯ ಅಧಿಕಾರಿಯಂತೆ ನಿಂತಳು. ಆ ಕನ್ನಡಕವಿಲ್ಲದಿದ್ದರೆ ಆಕೆಗೆ ಓಣಿಯ ತುದಿಯಲ್ಲಿ ಬರುವುದು ಬೀಗರೋ ಬೀಗರ ಎಮ್ಮೆಯೋ ತಿಳಿಯುವುದಿಲ್ಲ. ನಾನು ಪೂರ್ವಕ್ಕೆ ಬೆರಳು ಚಾಚಿದೆ. ಮೂರು ಚುಕ್ಕೆಗಳ ಸಾಲಿಲ್ಲ. ಬೆರಳನ್ನು ಆಗ್ನೇಯಕ್ಕೆ ತಿರುಗಿಸಿದೆ, ನೆತ್ತಿಗೆ ಎತ್ತಿದೆ, ಪಶ್ಚಿಮಕ್ಕೆ ಇಳಿಸಿದೆ. ಕೆಳಗೆ ಓಣಿಯಲ್ಲಿ ಹೋಗುವವರು ನನ್ನನ್ನು ಟಿವಿಯ ಆಂಟೆನಾ ಎಂದುಕೊಂಡಿರಬೇಕು. ಆಕಾಶದಲ್ಲಿ ಬೇರೆ ಎಲ್ಲರೂ ಇದ್ದರು. ನನ್ನ ಆರಿದ್ರಿ ಇರಲಿಲ್ಲ.

ಕೆಳಗಿಳಿದು ಬಾಣಂತಿಯ ಕೋಣೆಯ ಹೊಸ್ತಿಲಾಚೆ ನಿಂತು ಪಿಸುದನಿಯಲ್ಲಿ ಕೇಳಿದೆ: "ಯವ್ವಾ ಸುಜಾತಾ, ಅದು ಎಲ್ಲಿ ಹೋಗೇತಿ?"

ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿಕೊಂಡಿದ್ದ ಸುಜಾತಾ ವಿಷಯ ಕೇಳಿ ಹೊಟ್ಟೆ ಹಿಡಿದುಕೊಂಡಳು. "ಮಾವಾರ, ನಗಸಬ್ಯಾಡ್ರಿ, ಹೊಲಿಗಿ ಹಾಕ್ಯಾರ! ಆರಿದ್ರಿ ಮಳ್ಯಾಗ ಆರಿದ್ರಿ ಕಾಣಂಗಿಲ್ರಿ. ಸೂರ್ಯ ಹೋಗಿ ಅದರ ಮಗ್ಗಲಕ ಕುಂತಾಗನ ಅದಕ್ಕ ಆರಿದ್ರಿ ಮಳಿ ಅನ್ನೂದು. ಅದು ಹಗಲೆಲ್ಲ ನಿಮ್ಮ ತಲಿ ಮ್ಯಾಲೆ ಇರತೈತಿ, ಸೂರ್ಯನ ಜೋಡಿ ಮುಳಗಿ ಹೋಕ್ಕೈತಿ."

"ಇದನ್ನ ಮೊದಲ ಹೇಳಬಾರದೇನವ್ವಾ?"

"ನೀವು ನನ್ನ ಕೇಳಿ ಮಾತ ಕೊಟ್ರೇನ್ರಿ?" ಎಂದು ನಕ್ಕವಳು, ಕೂಸಿನ ಮುಖ ನೋಡುತ್ತ ಹೊದಿಕೆ ಸರಿಮಾಡಿದಳು. ಆಮೇಲೆ ಮೆಲ್ಲಗೆ, "ಹೋಗ್ಲಿ ಬಿಡ್ರಿ. ಅತ್ತಿ ನನ್ನ ಜೀವಕ್ಕ ಬೇಡಿಕೊಂಡಾರ, ಅದೂ ಛಲೋ ಹೆಸರ ಐತಿ" ಎಂದಳು.

ನೀವು ಈ ಕಡೆಯ ಯಾವ ರೈತನನ್ನಾದರೂ ಕೇಳಿ ನೋಡಿ; ತಲೆತಲಾಂತರದಿಂದ ನಾವು ಒಂದು ಚುಕ್ಕೆಯ ಹೆಸರನ್ನು, ಅದು ಕಣ್ಣಿಗೆ ಕಾಣದಿರುವ ದಿನಗಳಲ್ಲೇ ಬಾಯಿತುಂಬ ಕರೆಯುತ್ತ ಬಂದಿದ್ದೇವೆ. ಕಾಣುವಾಗ ಅದರ ಕಡೆ ಕತ್ತೆತ್ತುವವರಿಲ್ಲ. ಮರೆಯಾದ ಕೂಡಲೇ ಕಟ್ಟೆಯ ಮೇಲೆಲ್ಲ ಅದೇ ಮಾತು. ನೆಂಟಸ್ತನದಲ್ಲಿಯೂ ಎಷ್ಟೋ ಸಲ ಹೀಗೇ ಅಲ್ಲವೇ ಎಂದು ನೀವು ಕೇಳಬಹುದು. ಕೇಳಿ. ನಾನಾಗ ಅಂಥ ತತ್ತ್ವಕ್ಕೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಮಾಲು ನೋಡದೆ ಮಾತು ಕೊಟ್ಟ ಮೂರ್ಖನೆಂದು ನನ್ನ ಹೆಂಡತಿಯೆದುರು ಒಪ್ಪಿಕೊಳ್ಳಬೇಕಾಗಿತ್ತು. ಆಕೆ ಪೂರ್ತಿ ಕೇಳಿ, ಕನ್ನಡಕ ತೆಗೆದು ಡಬ್ಬಿಗೆ ಹಾಕಿ, "ಮಂದಿಗೆ ಹೇಳೂ ಬುದ್ಧಿ ಒಂದೀಟು ಮನ್ಯಾಗೂ ಇಟಗೋಬೇಕಿತ್ತು" ಎಂದಳು. ಅಷ್ಟೆ.

ಮರುದಿನ ನನ್ನ ಮಗಳು ಗಿರಿಜಾ, ಕೂಸಿನ ಸೋದರತ್ತೆ, ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಉಸುರಿದಳು. ಹಿಂದೆ ನಿಂತ ಹೆಂಗಸರು ಪದ್ಧತಿಯಂತೆ ಆಕೆಯ ಬೆನ್ನಿಗೆ ದಬದಬ ಗುದ್ದಿದರು. ನ್ಯಾಯವಾಗಿ ಆ ಗುದ್ದುಗಳೆಲ್ಲ ನನ್ನ ಪಾಲಿನವು. ಕೂಸು ಹುಲಿಗೆಮ್ಮ ಆಯಿತು, ಹರಕೆ ತೀರಿತು. ಸುಜಾತಾ ಎಲ್ಲರಿಗಿಂತ ಮೊದಲು ಸಕ್ಕರೆ ಹಂಚಿದಳು.

ದೀಪಾವಳಿ ಕಳೆದು ತಾಯಿ ಮಗಳು ಯಲಬುರ್ಗಾಕ್ಕೆ ಬಂದರು. ಮನೆಯಲ್ಲಿ ಯಾರೂ ಆರ್ದ್ರಾ ಎಂಬ ಹೆಸರಿನ ಮಾತೆತ್ತಲಿಲ್ಲ. ಸುಜಾತಾಳಂತೂ ಹುಲಿಗೆಮ್ಮಾ, ಹುಲಿಗವ್ವಾ ಎಂದು ಬಾಯಿತುಂಬ ಕರೆಯುತ್ತಿದ್ದಳು. ಆದರೆ ಥಂಡಿ ಬಲಿತ ಮೇಲೆ ಒಂದು ದಿನ ಬಚ್ಚಲಲ್ಲಿ ಕೂಸಿನ ಮೈಗೆ ನೀರು ಹನಿಸುತ್ತ, ಯಾರಿಗೂ ಕೇಳದೆಂದುಕೊಂಡು ಆಕೆ 'ಆರಿದ್ರೀ' ಎಂದು ಕರೆದದ್ದು, ಹೊರಗೆ ಬಿಸಿನೀರು ಹಿಡಿದು ನಿಂತಿದ್ದ ನೀಲಮ್ಮನ ಕಿವಿಗೆ ಬಿತ್ತು. ನೀಲಮ್ಮ ನನಗೆ ಅದನ್ನು ಹೇಳಿದಳು. ಹೇಳಿ, ಬಹಳ ಹೊತ್ತು ಸೊಪ್ಪು ಸೋಸುತ್ತ ಕೂತಳು.

ಅದೇ ಸಂಜೆ, ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ, ಆಕೆ ಕೂಸನ್ನು ನನ್ನ ಟವೆಲ್ಲಿನಲ್ಲೇ ಸುತ್ತಿ ಎತ್ತಿಕೊಂಡು, "ನಡೀರಿ ಮಾಳಗಿಗೆ. ನಿಮ್ಮ ಮಾಲು ಬಂದಿರಬೇಕಲ್ಲ ಈಗ" ಎಂದಳು. ಸುಜಾತಾ ಕೈಯಲ್ಲಿದ್ದ ಪರೀಕ್ಷೆಯ ಪೇಪರಿನ ಕಟ್ಟು ಬಿಟ್ಟು ಹಿಂದೆಯೇ ಬಂದಳು. ಪೂರ್ವದಲ್ಲಿ ಮೂರು ಚುಕ್ಕೆಗಳು ಯಥಾಪ್ರಕಾರ ಪೇರಿಸಿ ನಿಂತಿದ್ದವು. ನಾನು ಬೆರಳು ಚಾಚಿದೆ. ನೀರಿನ ಟಾಕಿಯ ಮೇಲೆ, ಸ್ವಲ್ಪ ಎಡಕ್ಕೆ, ಕೆಂಪಗೆ.

ನೀಲಮ್ಮ ನನ್ನ ಉಗುರನ್ನಾಗಲಿ ಉಂಗುರವನ್ನಾಗಲಿ ನೋಡಲಿಲ್ಲ. ಮುಖವೆತ್ತಿ ಆ ದಿಕ್ಕಿಗೆ ಕಣ್ಣು ಕಿರಿದು ಮಾಡಿ, ಸೊಸೆಯ ಕಡೆ ಒಮ್ಮೆ ತಿರುಗಿ, ಮತ್ತೆ ಮೇಲೆ ನೋಡಿದಳು.

"ಕಂಡಿತು," ಎಂದಳು.

"ಖರೇನ್ರೀ ಅತ್ತಿ?" ಸುಜಾತಾ ಒಂದು ಹೆಜ್ಜೆ ಮುಂದೆ ಬಂದಳು.

"ಕಂಡಿತು ಅಂದ್ರ ಕಂಡಿತು. ಆದ್ರ ತಡಾ ಮಾಡಿ ತಂದ ಮಾಲಿಗೆ ಅರ್ಧಾ ರೇಟು. ಹಗಲೊತ್ತು ಈಕಿ ಹುಲಿಗೆಮ್ಮ, ದೇವಿ ಮಾತು ದೇವಿಗೆ. ಚುಕ್ಕಿ ಮೂಡಿದ ಮ್ಯಾಲೆ ಆರಿದ್ರಿ, ಬಾಯಿ ಬಿಟ್ಟು ಕರಿ. ಬಚ್ಚಲದಾಗ ಕರೀಬ್ಯಾಡ." ಆಮೇಲೆ ನನ್ನ ಕಡೆ ತಿರುಗಿ, "ಮಳ್ಯಾಗ ಅದು ಕಾಣಂಗಿಲ್ಲ ಅಂದ್ರಲ್ಲ, ಆವಾಗ ಇಪ್ಪತ್ತನಾಕು ತಾಸೂ ಹುಲಿಗೆಮ್ಮನ. ಅದರಾಗ ಚೌಕಾಸಿ ಇಲ್ಲ" ಎಂದಳು. ಟವೆಲ್ಲಿನೊಳಗಿಂದ ಕೂಸು ಒಂದು ಕೈ ಹೊರಗೆ ತೆಗೆದು, ಸಾಕ್ಷಿಗೆ ಎಂಬಂತೆ, ನನ್ನ ಚಾಚಿದ ಬೆರಳನ್ನೇ ಹಿಡಿದುಕೊಂಡಿತು. ಮೂರು ತಲೆಮಾರಿನ ಹೆಂಗಸರು ಸೇರಿ ಮುರಿದ ಇಂಥ ವ್ಯವಹಾರವನ್ನು ನಾನು ನನ್ನ ಇಡೀ ಕಸುಬಿನಲ್ಲಿ ಕಂಡಿಲ್ಲ.

ಅವರು ಇನ್ನೂ ಮೇಲಿರುವಾಗಲೇ ನಾನು ಥಂಡಿಗೆ ಕೂಸಿನ ತಲೆಗೆ ಹಾಕಲು ಕುಲಾಯಿ ತರಲೆಂದು ಕೆಳಗಿಳಿದೆ. ಅಡುಗೆಮನೆಯಲ್ಲಿ, ಸೋಸಿಟ್ಟ ಸೊಪ್ಪಿನ ಬುಟ್ಟಿಯ ಪಕ್ಕದಲ್ಲಿ, ನೀಲಮ್ಮನ ಕನ್ನಡಕ ಕಾಲು ಮಡಿಸಿಕೊಂಡು ಮಲಗಿತ್ತು.

ಅದನ್ನು ನಾನು ಮುಟ್ಟಲಿಲ್ಲ, ಮೇಲೆ ಹೋಗಿ ಕೇಳಲೂ ಇಲ್ಲ. ಆದ್ದರಿಂದ, ಮಿತ್ರರೇ, ಇದೊಂದು ಕೊನೆಯ ಸಲಹೆಯನ್ನು ನನ್ನಿಂದ ಪುಕ್ಕಟೆಯಾಗಿ ಇಟ್ಟುಕೊಳ್ಳಿ. ಯಾರಿಗಾದರೂ ಬೆರಳು ಮಾಡಿ ನಕ್ಷತ್ರ ತೋರಿಸಿ, ತೋರಿಸುವುದನ್ನು ಬಿಡಬೇಡಿ. ಅವರು 'ಕಂಡಿತು' ಎಂದರೆ, ಯಾವುದು, ಎಲ್ಲಿ, ಖರೇನಾ ಎಂದು ಚೀಲಕ್ಕೆ ಚುಚ್ಚಿ ನೋಡಲು ಹೋಗಬೇಡಿ. ಆ ಮಾತು ಅಗ್ಗವೆಂದು ನಾನು ಮೊದಲು ಹೇಳಿದೆನಲ್ಲ, ಅದು ಹಳೆಯ ದರ.